ಇನ್ನೊಂದು ಬೆರಳು ಇಡಿ

ತೊಡದೇವು ಮಾಡುವ ದಿನ ನಮ್ಮ ತವರಿನಲ್ಲಿ ಬೆರಳು ಸುಟ್ಟುಕೊಳ್ಳದವರು ಯಾರೂ ಇರುವುದಿಲ್ಲ. ಇದ್ದರೆ ಅವರು ಕೆಲಸ ಮಾಡಿಲ್ಲ ಎಂದೇ ಲೆಕ್ಕ. ಚಿಕ್ಕಮ್ಮ ಹಾಜರಿ ತೆಗೆದುಕೊಳ್ಳುವುದೇ ಹಾಗೆ. ಸಂಜೆ ಎಲ್ಲರ ಕೈ ಹಿಡಿದು ನೋಡುತ್ತಾಳೆ. ಬೆರಳ ತುದಿ ಕೆಂಪಗಾದವರಿಗೆ ಮೊದಲ ಪಂಕ್ತಿ, ಬಿಸಿ ಹಾಲು, ಮೇಲೆ ತುಪ್ಪ. ಉಳಿದವರಿಗೆ ಪಾತ್ರೆ ತೊಳೆಯುವ ಕೆಲಸ.

ಬಯಲುಸೀಮೆಯವರಿಗೆ ತೊಡದೇವು ಗೊತ್ತಿರಲಿಕ್ಕಿಲ್ಲ. ಸಾಗರ, ಸಿದ್ದಾಪುರ, ಶಿರಸಿ ಕಡೆ ಆಲೆಮನೆ ಹಂಗಾಮಿನಲ್ಲಿ ಮಾಡುವ ತಿಂಡಿ ಇದು. ನೆನೆಸಿದ ಅಕ್ಕಿಯನ್ನು ಕಬ್ಬಿನ ಹಾಲು ಹಾಕಿ ನುಣ್ಣಗೆ ರುಬ್ಬಬೇಕು. ಹಿಟ್ಟು ನೀರು ನೀರಾಗಿರಬೇಕು. ಒಲೆಯ ಮೇಲೆ ಮಣ್ಣಿನ ಮಡಕೆಯನ್ನು ಬೋರಲು ಹಾಕಿ ಅಡಿಗೆ ಉರಿ ಕೊಡಬೇಕು. ಮಡಕೆಯ ಬೆನ್ನಿಗೆ ಎಣ್ಣೆ ಸವರಿ, ಕೋಲಿಗೆ ಕಟ್ಟಿದ ತೆಳು ಬಟ್ಟೆಯನ್ನು ಹಿಟ್ಟಿನಲ್ಲಿ ಅದ್ದಿ, ಒಂದೇ ಸಲ ಎಳೆದುಬಿಡಬೇಕು. ಹಿಟ್ಟು ಕಾಗದದಷ್ಟು ತೆಳ್ಳಗೆ ಅಂಟಿಕೊಂಡು ಆಗಲೇ ಬೇಯುತ್ತದೆ. ಅಂಚು ಏಳುವ ಹೊತ್ತಿಗೆ ಎಬ್ಬಿಸಿ, ಬಿಸಿ ಇರುವಾಗಲೇ ಮಡಚಬೇಕು. ತಡ ಮಾಡಿದರೆ ಗರಿಗರಿಯಾಗಿ ಪುಡಿ ಪುಡಿ. ಅವಸರ ಮಾಡಿದರೆ ಹರಿದ ಬಟ್ಟೆ. ಇಕ್ಕಳ ನಡೆಯುವುದಿಲ್ಲ. ಕೈಗವಸು ಹಾಕಿಕೊಂಡರೆ ತೊಡದೇವು ಬೆರಳಿಗೆ ಸಿಕ್ಕಿತೋ ಇಲ್ಲವೋ ಅಂತಲೇ ಗೊತ್ತಾಗುವುದಿಲ್ಲ. ಬರೀ ಬೆರಳೇ ಬೇಕು.

ಹಾಗಂತ ತೊಡದೇವು ಕೈ ಸುಡುವುದಿಲ್ಲ. ಅಷ್ಟು ತೆಳ್ಳಗಿನದರಲ್ಲಿ ಎಷ್ಟು ಬಿಸಿ ತಾನೇ ಹಿಡಿಯುತ್ತದೆ? ಚುರುಕ್ ಅನ್ನಿಸಿ ಆರಿಹೋಗುತ್ತದೆ. ಸುಡುವುದು ಕೆಳಗಿನ ಮಡಕೆ. ಅದರ ಹೊಟ್ಟೆಯಲ್ಲಿ ಬೆಳಗಿನಿಂದ ತೆಂಗಿನ ಗರಿ, ಅಡಿಕೆ ಸೋಗೆ ಉರಿದಿರುತ್ತದೆ. 70 ಡಿಗ್ರಿ ಬಿಸಿಯಾದ ವಸ್ತು ಮೈಗೆ ಒತ್ತಿಕೊಂಡರೆ ಚರ್ಮ ಸುಡಲು ಒಂದು ಸೆಕೆಂಡು ಸಾಕಂತೆ. ಒಲೆಯ ಮೇಲಿನ ಮಡಕೆ 70ಕ್ಕೆ ನಿಲ್ಲುವ ಪೈಕಿ ಅಲ್ಲ.

ಈ ಸಲ ನಡೆದದ್ದು ಇಷ್ಟೇ. ಉರಿದ ಕಟ್ಟಿಗೆಯೊಂದು ಮುರಿದು ಒಲೆಕಲ್ಲು ಜರುಗಿತು. ಮಡಕೆ ನನ್ನ ಕಡೆ ವಾಲಿತು. ನನ್ನ ಬಲಗೈ ಹೋಗಿ ಅದನ್ನು ಹಿಡಿದುಕೊಂಡಿತು. ನಾನು ಹಿಡಿದೆ ಅನ್ನುವುದಕ್ಕಿಂತ ಕೈ ಹಿಡಿಯಿತು ಅನ್ನುವುದೇ ಸರಿ. ಅದು ಅಜ್ಜಿಯ ಕಾಲದ ಮಡಕೆ. ಎಣ್ಣೆ ಕುಡಿದು ಕುಡಿದು ಪಳಗಿ ಕಪ್ಪಗೆ ಮಿರಮಿರ ಅನ್ನುವಂಥದ್ದು. ಹೊಸ ಮಡಕೆಯಲ್ಲಿ ತೊಡದೇವು ಸಲೀಸಾಗಿ ಏಳುವುದಿಲ್ಲ. ಆ ಮಡಕೆಯನ್ನು ವರ್ಷವಿಡೀ ಅಟ್ಟದ ಮೇಲೆ ಹುಲ್ಲಿನಲ್ಲಿ ಹೂತಿಟ್ಟು ಕಾಪಾಡುತ್ತಾರೆ. ನಮ್ಮ ಮನೆಯಲ್ಲಿ ಅಷ್ಟು ಜೋಪಾನವಾಗಿ ಬೆಳೆದವರು ಬೇರೆ ಯಾರೂ ಇಲ್ಲ.

ಮಡಕೆ ನೆಟ್ಟಗೆ ನಿಂತಿತು. ಆಮೇಲೆ ನಾನು ಕೂಗಿದೆ.

ಅಮ್ಮನ ಬಾಯಿಂದ ಮೊದಲು ಬಂದ ಮಾತು, "ಅಯ್ಯೋ ಮಡಕೆ!"

ಜಗುಲಿಯಿಂದ ಅಪ್ಪ, "ಎಂತ ಒಡೀತು?"

"ಎಂತದೂ ಒಡೆದಿಲ್ಲ, ಇವಳ ಕೈ ಸುಟ್ಟಿತು" ಎಂದು ಚಿಕ್ಕಮ್ಮ ಹೇಳಿದ್ದೇ ತಡ, ಅಪ್ಪನ ದನಿಯಲ್ಲಿ ನೆಮ್ಮದಿ ಬಂತು. "ಅಷ್ಟೇಯಾ?" ಅಂದ.

ಬಿಸಿ ತಾಗಿದರೆ ಕೈ ತಾನಾಗಿಯೇ ಹಿಂದೆ ಬರಬೇಕು. ಅದಕ್ಕೆ ಮೆದುಳಿನ ಅಪ್ಪಣೆ ಬೇಕಿಲ್ಲ, ಬೆನ್ನುಹುರಿಯ ಮಟ್ಟದಲ್ಲೇ ತೀರ್ಮಾನ ಆಗಿಹೋಗುತ್ತದೆ. ಶಾಲೆಯಲ್ಲಿ ಓದಿದ್ದೇವಲ್ಲ. ಆದರೆ ಹಿಡಿದಿರುವ ವಸ್ತು ಬೆಲೆಬಾಳುವಂಥದ್ದಾದರೆ ಮೆದುಳು ನಡುವೆ ಬಂದು ಆ ತೀರ್ಮಾನವನ್ನು ತಡೆಯಬಲ್ಲದಂತೆ. ಡಾಕ್ಟರಿಕೆ ಓದುತ್ತಿರುವ ಅಕ್ಕನ ಮಗ ಹೇಳಿದ್ದು, ಮನೆಯಲ್ಲಿ ನಾವು ಮಾಣಿ ಅನ್ನುವುದು ಅವನನ್ನೇ. ನನ್ನ ಬೆನ್ನುಹುರಿ ಬಿಡು ಅಂದಿದೆ, ಮೆದುಳು ಅಜ್ಜಿಯ ಮಡಕೆ ಅಂತ ತಡೆಯಾಜ್ಞೆ ತಂದಿದೆ. ಇವರಿಬ್ಬರ ವ್ಯಾಜ್ಯದಲ್ಲಿ ಬೆಂದದ್ದು ನನ್ನ ಹೆಬ್ಬೆರಳು, ತೋರುಬೆರಳು, ಜೊತೆಗೆ ಮಣಿಕಟ್ಟಿನ ಒಳಗೆ ಒಂದು ಗೆರೆ.

ಮಾಣಿ ನನ್ನನ್ನು ಎಳೆದುಕೊಂಡು ಹೋಗಿ ಬಚ್ಚಲಿನ ನಲ್ಲಿ ಕೆಳಗೆ ನಿಲ್ಲಿಸಿದ. ಬಳೆ, ಉಂಗುರ ತೆಗೆಸಿದ. ಆಮೇಲೆ ಊದಿಕೊಂಡರೆ ಬರುವುದಿಲ್ಲ ಅಂತ. "ಇಪ್ಪತ್ತು ನಿಮಿಷ ಕೈ ತೆಗೀಬೇಡ ಚಿಕ್ಕಮ್ಮ" ಎಂದು ಮೊಬೈಲಿನಲ್ಲಿ ಗಂಟೆ ಇಟ್ಟ. ಇಪ್ಪತ್ತು ನಿಮಿಷವೇ? ನಾನು ಇದುವರೆಗೆ ಸುಟ್ಟ ಬೆರಳನ್ನು ಬಾಯಲ್ಲಿ ಚೀಪಿ, ಸೆರಗಿಗೆ ಒರೆಸಿ, ದೋಸೆ ಮಗುಚಿದವಳು. "ಐಸ್ ಇಟ್ಟರೆ ಬೇಗ ಆಗಲ್ವಾ?" ಅಂದೆ. ಐಸ್ ಬೇಡವೇ ಬೇಡ, ಸುಟ್ಟ ಚರ್ಮಕ್ಕೆ ಅದು ಇನ್ನೊಂದು ಏಟು ಅಂದ. ಹರಿಯುವ ತಣ್ಣೀರು, ಅಷ್ಟೇ. ಹೊರಗೆ ಉರಿ ನಿಂತರೂ ಒಳಪದರದಲ್ಲಿ ಬಿಸಿ ಉಳಿದಿರುತ್ತದಂತೆ. ಒಲೆ ಆರಿಸಿದ ಮೇಲೂ ಅನ್ನ ಬೇಯುವುದಿಲ್ಲವಾ, ಹಾಗೆ.

ಬ್ಯಾಂಕ್ ಕೆಲಸಕ್ಕಾಗಿ ನಾನಿರುವ ಶಿವಮೊಗ್ಗದ ಬಾಡಿಗೆ ಮನೆಯಲ್ಲಾಗಿದ್ದರೆ ಇಪ್ಪತ್ತು ನಿಮಿಷ ನಲ್ಲಿ ಬಿಟ್ಟರೆ ಕೆಳಗಿನ ಮನೆಯವರು ಮೇಲೆ ಬಂದು ವಿಚಾರಿಸುತ್ತಿದ್ದರು. ತವರಿನಲ್ಲಿ ಅಬ್ಬಿ ನೀರು. ಗುಡ್ಡದ ಮೇಲಿಂದ ಪೈಪಿನಲ್ಲಿ ತಾನಾಗಿಯೇ ಇಳಿದು ಬರುತ್ತದೆ, ಹಗಲೂ ರಾತ್ರಿ. ಹಿಂದೆ ಅಡಿಕೆ ಮರದ ದಂಬೆಯಲ್ಲಿ ಬರುತ್ತಿತ್ತು. ಮೋಟಾರಿಲ್ಲ, ಮೀಟರಿಲ್ಲ. ಕೈ ಸುಟ್ಟುಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ.

ಕಷ್ಟ ಏನೆಂದರೆ, ನಲ್ಲಿಗೆ ಕೈ ಕೊಟ್ಟು ನಿಂತವಳು ಎಲ್ಲಿಗೂ ಓಡಿಹೋಗುವ ಹಾಗಿಲ್ಲ. ಇದು ಮನೆಯವರಿಗೆಲ್ಲ ಗೊತ್ತಾಯಿತು. ಒಬ್ಬೊಬ್ಬರೇ ಔಷಧಿ ಹಿಡಿದು ಬರತೊಡಗಿದರು.

ಮೊದಲು ಅಮ್ಮ, ಬೆಣ್ಣೆ ಡಬ್ಬಿ ಹಿಡಿದು. ಹಿಂದೆಯೇ ಅತ್ತಿಗೆ ಟೂತ್‌ಪೇಸ್ಟ್ ತಂದಳು. ಭಾವ ಜೇನುತುಪ್ಪದ ಬಾಟಲಿ ತಂದು, ತುಡವೆ ಜೇನು, ಪೇಟೆಯದ್ದಲ್ಲ ಎಂದು ಎರಡು ಸಲ ಹೇಳಿದರು. ಪಕ್ಕದ ಮನೆಯ ಅತ್ತೆ ಬೇಲಿ ದಾಟಿ ಲೋಳೆಸರ ಮುರಿದುಕೊಂಡು ಬಂದರು. ಚಿಕ್ಕಮ್ಮ ಒಂದು ಆಲೂಗಡ್ಡೆ ತುರಿಯುತ್ತಲೇ ಬಂದಳು. ಅಪ್ಪ ಎಲೆಯಡಿಕೆ ಹರಿವಾಣದಿಂದ ಸುಣ್ಣದ ಡಬ್ಬಿ ಎತ್ತಿಕೊಂಡು ಬಂದು, ಸುಣ್ಣದ ತಿಳಿಗೆ ತೆಂಗಿನೆಣ್ಣೆ ಕಲಸಿದರೆ ಅದರಂಥದ್ದು ಇನ್ನೊಂದಿಲ್ಲ ಅಂದ. ಅಣ್ಣನ ಚಿಕ್ಕ ಮಗಳು ಏನೂ ಸಿಗದೆ ಇಂಕ್ ಪೆನ್ನು ತಂದಿದ್ದಳು. ಬಚ್ಚಲ ಕಟ್ಟೆಯ ಮೇಲೆ ಸಾಲಾಗಿ ಬೆಣ್ಣೆ, ಜೇನು, ಆಲೂಗಡ್ಡೆ, ಅರಿಸಿನ, ಉಪ್ಪು. ಒಂದು ಈರುಳ್ಳಿ ಬಂದಿದ್ದರೆ ಪಲ್ಯಕ್ಕೆ ಆಗುತ್ತಿತ್ತು. ನನ್ನ ಕೈ ಸುಟ್ಟಿದೆ ಅಂತ ಬಂದಿದ್ದಾರೋ, ಇನ್ನೂ ಸರಿಯಾಗಿ ಬೆಂದಿಲ್ಲ ಅಂತ ಬಂದಿದ್ದಾರೋ ತಿಳಿಯಲಿಲ್ಲ. ಇದನ್ನು ಬಾಯಿಬಿಟ್ಟು ಹೇಳಿದೆ. ಅತ್ತಿಗೆ ಟೂತ್‌ಪೇಸ್ಟ್ ಹಿಡಿದುಕೊಂಡೇ ನಕ್ಕು ನೆಲದ ಮೇಲೆ ಕುಳಿತಳು.

ಮಾಣಿ ಒಬ್ಬನೇ ನಿಂತು ಎಲ್ಲರನ್ನೂ ವಾಪಸು ಕಳಿಸಿದ. ಪಾಪ, ಇನ್ನೂ ಓದುವ ಹುಡುಗ. ಅಮ್ಮನ ಬೆಣ್ಣೆಯ ಮುಂದೆ ಮಾತ್ರ ಅವನ ಓದು ನಡೆಯಲಿಲ್ಲ. "ನಿನ್ನನ್ನ ಬೆಳೆಸಿದ್ದೇ ಈ ಬೆಣ್ಣೆ ಕಣೋ" ಅಂದಳು. ಆಗ ಅವನು ಕೇಳಿದ, "ಅಮ್ಮಮ್ಮ, ರೊಟ್ಟಿ ಬಿಸಿ ಆರಬಾರದು ಅಂತ ನೀನು ಮೇಲೆ ಎಂತ ಹಚ್ತೀಯ?" ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಬೆಣ್ಣೆ" ಅಂದಳು. ಡಬ್ಬಿಯ ಮುಚ್ಚಳ ಹಾಕಿಕೊಂಡು ಒಳಗೆ ಹೋದಳು.

ಲೋಳೆಸರಕ್ಕೆ ಅವನು ಅಷ್ಟೇನೂ ವಿರೋಧ ಮಾಡಲಿಲ್ಲ. ಮೊದಲು ನೀರು, ಚರ್ಮ ಒಡೆಯದಿದ್ದರೆ ಆಮೇಲೆ ಬೇಕಾದರೆ ಹಚ್ಚಿಕೊಳ್ಳಿ ಅಂದ. ಪಕ್ಕದ ಮನೆಯ ಅತ್ತೆ ಗೆದ್ದವರ ಹಾಗೆ ಎಲ್ಲರ ಮುಖ ನೋಡಿದರು. ಗುಳ್ಳೆ ಬಂದರೆ ಒಡೆಯಬೇಡ, ಅಂಗೈಯಷ್ಟು ಅಗಲ ಸುಟ್ಟಿದ್ದರೆ, ಮುಖಕ್ಕೆ ತಾಗಿದ್ದರೆ, ಚಿಕ್ಕ ಮಕ್ಕಳಾಗಿದ್ದರೆ ಸೀದಾ ಆಸ್ಪತ್ರೆಗೇ ಹೋಗಬೇಕು ಎಂದೂ ಹೇಳಿದ. ನನ್ನದು ಅದಾವುದೂ ಅಲ್ಲ. ಅದಕ್ಕೇ ನಗು ಬರುತ್ತಿತ್ತು ಅನ್ನಿ.

ಔಷಧಿ ನಡೆಯದಿದ್ದ ಮೇಲೆ ಜನ ಕಥೆಗೆ ಇಳಿದರು. ಇಪ್ಪತ್ತು ನಿಮಿಷ ಕಳೆಯಬೇಕಲ್ಲ. ಎಲ್ಲರೂ ತಂತಮ್ಮ ತೋಳು ಮುಂದೆ ಮಾಡಿದರು. ನಾನು ಆಗ ಗಮನಿಸಿದ್ದು, ಹೆಂಗಸರ ಕೈ ನೋಡಿ ಅವರ ಅಡುಗೆಮನೆ ಹೇಗಿದೆ ಅಂತ ಹೇಳಬಹುದು. ಅಮ್ಮನ ಮುಂಗೈ ಮೇಲೆ ದೋಸೆ ಕಾವಲಿಯ ಅಂಚಿನ ಗೆರೆಗಳು. ಒಂದರ ಮೇಲೊಂದು, ಎಲ್ಲವೂ ಒಂದೇ ಓರೆ. ಕಾವಲಿ ಬದಲಾಗಿದೆ, ಒಲೆಯ ಎತ್ತರ ಬದಲಾಗಿಲ್ಲ. ಅತ್ತಿಗೆಯದ್ದು ಗ್ಯಾಸಿನ ಕಟ್ಟೆ, ಅವಳ ಗೆರೆ ಇನ್ನೂ ಮೇಲಕ್ಕೆ, ಮೊಣಕೈ ಹತ್ತಿರ. ಚಿಕ್ಕಮ್ಮನಿಗೆ ಗೆರೆಯೇ ಇಲ್ಲ, ಬರೀ ಚುಕ್ಕೆ. ಹಲಸಿನ ಚಿಪ್ಸ್ ಕರಿಯುವವಳು ಅವಳು.

ಅತ್ತಿಗೆಯ ಕಥೆ ಕೊಟ್ಟೆ ಕಡುಬಿನದ್ದು. ಹಲಸಿನ ಎಲೆಯ ಕೊಟ್ಟೆ ಬೆಂದಿದೆಯಾ ಅಂತ ನೋಡಲು ಹಬೆಯಲ್ಲಿ ಬೇಯಿಸುವ ಪಾತ್ರೆಯ ಮುಚ್ಚಳ ತನ್ನ ಕಡೆಗೇ ತೆರೆದಳಂತೆ. ಹಬೆ ಮೊಳಕೈವರೆಗೆ ಹೊಡೆದಿತ್ತು. ಹಬೆಯ ಏಟು ಜೋರು ಯಾಕೆಂದರೆ ಅದು ಮೈ ಮೇಲೆ ನೀರಾಗುವಾಗ ಒಳಗಿಟ್ಟುಕೊಂಡ ಶಾಖವನ್ನೆಲ್ಲ ಒಮ್ಮೆಗೇ ಬಿಡುತ್ತದೆ. ಒಂದು ಗ್ರಾಂ ಹಬೆ ನೀರಾದರೆ 540 ಕ್ಯಾಲೊರಿ. ಅದೇ ಒಂದು ಗ್ರಾಂ ಕುದಿಯುವ ನೀರು ಮೈ ಬಿಸಿಗೆ ಇಳಿಯುವಾಗ ಕೊಡುವುದು ಅರವತ್ತು ಚಿಲ್ಲರೆ. ಇದನ್ನು ಮಾಣಿ ಹೇಳಿದಾಗ ಅತ್ತಿಗೆ, "ನೋಡಿದ್ರಾ, ಅವತ್ತು ನಾನು ಸುಮ್ನೆ ಕೂಗಿದ್ದಲ್ಲ" ಎಂದು ಅಣ್ಣನ ಕಡೆ ತಿರುಗಿದಳು. ಅಣ್ಣನಿಗೆ ಆಗಲೇ ತೋಟದಲ್ಲಿ ಏನೋ ಕೆಲಸ ನೆನಪಾಯಿತು.

ಭಾವನದ್ದು ನಾಲಿಗೆ. ಚಿಕ್ಕಂದಿನಲ್ಲಿ ಆಲೆಮನೆಯಲ್ಲಿ ಕೊಪ್ಪರಿಗೆಯಿಂದ ಇಳಿಸಿದ ಬೆಲ್ಲವನ್ನು ಬಾಳೆಲೆ ಮೇಲೆ ಹಾಕಿಸಿಕೊಂಡು, ಆರುವವರೆಗೂ ಕಾಯದೆ ನೆಕ್ಕಿದರಂತೆ. ನೀರು 100 ಡಿಗ್ರಿ ದಾಟುವುದಿಲ್ಲ. ಬೆಲ್ಲದ ಪಾಕ ಗಟ್ಟಿಯಾಗುವ ಹೊತ್ತಿಗೆ 120ರ ಹತ್ತಿರ ಹೋಗಿರುತ್ತದೆ. ಮೇಲಾಗಿ ಅಂಟಿಕೊಳ್ಳುತ್ತದೆ. "ಒಂದು ವಾರ ಮಾತಾಡಲಿಲ್ಲ" ಅಂದರು ಭಾವ. ಅಕ್ಕ, "ಆ ಆಲೆಮನೆ ಈಗ ಎಲ್ಲಿದೆ?" ಅಂದಳು.

ಗಂಟೆ ಹೊಡೆದದ್ದು ಯಾರಿಗೂ ಕೇಳಿಸಲಿಲ್ಲ.

ರಾತ್ರಿ ಊಟಕ್ಕೆ ಚಮಚ ಕೇಳಿದೆ. ನಮ್ಮ ಮನೆಯಲ್ಲಿ ಚಮಚ ಇರುವುದು ಉಪ್ಪಿನಕಾಯಿ ಭರಣಿಗೆ ಮತ್ತು ಜ್ವರ ಬಂದವರಿಗೆ. ಅಪ್ಪ ಎಲೆಯ ಮುಂದೆ ಕುಳಿತು, "ಬ್ಯಾಂಕಿನವರು ಚಮಚದಲ್ಲೇ ಉಣ್ಣೋದು" ಅಂದ. ಅಪ್ಪೆಹುಳಿ ಬಂತು, ಮಾವಿನಕಾಯಿಯ ನೀರು ನೀರು ಸಾರು. ಅದನ್ನು ಚಮಚದಲ್ಲಿ ಉಣ್ಣಲು ಆಗುತ್ತದಾ? ಕೈ ಹಾಕಿದೆ. ಒಗ್ಗರಣೆಯ ಸೂಜಿಮೆಣಸು ನೇರವಾಗಿ ತೋರುಬೆರಳಿಗೇ ಸಿಕ್ಕಿತು. ಮಧ್ಯಾಹ್ನದ ಮಡಕೆಯನ್ನು ಇನ್ನೊಂದು ಸಲ ಹಿಡಿದ ಹಾಗಾಯಿತು. ಅದಕ್ಕೂ ಕಾರಣ ಇದೆ. ಸುಮಾರು 43 ಡಿಗ್ರಿ ದಾಟಿದ ಬಿಸಿಯನ್ನು ನಮಗೆ ತಿಳಿಸುವ ನರದ ಬಾಗಿಲು ಯಾವುದೋ, ಮೆಣಸಿನ ಖಾರ ತೆರೆಯುವುದೂ ಅದನ್ನೇ. ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಬಂತು. ಮೈ ಪಾಲಿಗೆ ಮೆಣಸೂ ಬೆಂಕಿಯೇ. ನಮ್ಮ ಚಿಕ್ಕಮ್ಮನ ಅಪ್ಪೆಹುಳಿ ಉಂಡವರಿಗೆ ಇದು ಹೊಸ ಸಂಗತಿ ಅಲ್ಲ.

ಇಷ್ಟರವರೆಗೆ ಎಲ್ಲ ಮನೆಯೊಳಗಿನ ನಗು. ಅಸಲಿ ಕಥೆ ಆದದ್ದು ರಜೆ ಮುಗಿಸಿ 70 ಕಿಲೋಮೀಟರ್ ಚಿಲ್ಲರೆ ಬಸ್ಸಿನಲ್ಲಿ ಬಂದು ಶಿವಮೊಗ್ಗದಲ್ಲಿ ಇಳಿದ ಮೇಲೆ.

ನಮ್ಮ ಶಾಖೆಯಲ್ಲಿ ಕಂಪ್ಯೂಟರಿಗೆ ಲಾಗಿನ್ ಆಗಬೇಕಾದರೆ ಬೆರಳಚ್ಚು ಕೊಡಬೇಕು. ನನ್ನದು ಬಲಗೈ ತೋರುಬೆರಳು. ಅದರ ತುದಿಯಲ್ಲಿ ಗುಳ್ಳೆ ಇಳಿದು ಚರ್ಮ ಸುಲಿದು, ಅಡಿಯಲ್ಲಿ ಗುಲಾಬಿ ಬಣ್ಣದ ನುಣುಪು ಚರ್ಮ ಬಂದಿತ್ತು. ಇಟ್ಟೆ. ಕೆಂಪು ದೀಪ. ಒರೆಸಿ ಇಟ್ಟೆ, ಮತ್ತೆ ಕೆಂಪು. ಒತ್ತಿ ಇಡೋಣವೆಂದರೆ ನೋವು. ಹೆಬ್ಬೆರಳು ಬದಲಿಗೆ ಕೊಟ್ಟಿದ್ದೆ, ಅದೂ ಸುಟ್ಟದ್ದೇ. ಆ ಯಂತ್ರದ ಲೆಕ್ಕದಲ್ಲಿ ನಾನು ನಾನಲ್ಲ.

ಕೌಂಟರಿನ ಆಚೆ ಮೊದಲು ನಿಂತಿದ್ದವರು ಒಬ್ಬರು ವಯಸ್ಸಾದ ಅಮ್ಮ. ಪಿಂಚಣಿಗೆ ಬರುವವರು. ಅವರಿಗೂ ನನಗೂ ಹಳೆಯ ಪರಿಚಯ, ಅದೂ ಈ ಬೆರಳಿನ ಕಾರಣಕ್ಕೇ. ಅಡಿಕೆ ಸುಲಿಯುವ ಕೈ ಅವರದ್ದು. ಮೆಟ್ಟುಗತ್ತಿಯ ಮುಂದೆ ಕುಳಿತು ಹಂಗಾಮಿಡೀ ಹಸಿ ಅಡಿಕೆ ಸುಲಿದರೆ ಬೆರಳ ಗೆರೆಗಳು ಸವೆದಿರುತ್ತವೆ, ಚೊಗರಿನ ಕಪ್ಪು ಬೇರೆ ಕೂತಿರುತ್ತದೆ. ಆಧಾರ್ ಯಂತ್ರ ಅವರ ಹೆಬ್ಬೆರಳನ್ನು ಒಪ್ಪಿದ್ದು ನಾನು ನೋಡಿಲ್ಲ. ಮಲೆನಾಡಿನ ಯಾವ ಬ್ಯಾಂಕಿನವರನ್ನು ಕೇಳಿದರೂ ಇದೇ ಕಥೆ ಹೇಳುತ್ತಾರೆ. ಅವರು ಬಂದಾಗಲೆಲ್ಲ ನಾನು ಗಾಜಿನ ಈಚೆಯಿಂದ ಹೇಳುವುದು ಒಂದೇ ಮಾತು. ಒರೆಸಿ ಇಡಿ. ಒತ್ತಿ ಇಡಿ. ಇನ್ನೊಂದು ಬೆರಳು ಇಡಿ.

ಅವತ್ತು ಅವರು ಗಾಜಿನ ತೂತಿನಲ್ಲಿ ಬಗ್ಗಿ ನನ್ನ ಕಸರತ್ತನ್ನೆಲ್ಲ ನೋಡಿದರು. ಮೂರನೆಯ ಸಲ ಕೆಂಪು ದೀಪ ಬಂದಾಗ, ಗಂಭೀರವಾಗಿ, "ಇನ್ನೊಂದ್ ಬೆರಳು ಇಡಿ ಅಮ್ಮಾ" ಅಂದರು.

ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಗದವರು ಅವರೊಬ್ಬರೇ. "ಸ್ವಲ್ಪ ಉಗುಳು ಹಚ್ಚಿ ಇಟ್ಟರೆ ಬತ್ತದೆ, ನನಗೆ ನೀವೇ ಬೈತೀರಿ ಅಂತ ನಾನು ಹಚ್ಚಲ್ಲ" ಅಂತಲೂ ಸೇರಿಸಿದರು.

ಕೊನೆಗೆ ಮ್ಯಾನೇಜರ್ ಬಂದು, ಮೇಲಿನವರಿಗೆ ಮೇಲ್ ಹಾಕಿ, ಎಡಗೈಯ ಬೆರಳು ನೋಂದಾಯಿಸಲು ಒಪ್ಪಿಗೆ ತರಿಸಿದರು. ಅಲ್ಲಿಯವರೆಗೆ ನಾನು ಕೌಂಟರಿನಲ್ಲಿ ಕುಳಿತೂ ಇಲ್ಲದವಳು. ಕಾರಣ ಬರೆಯುವ ಜಾಗದಲ್ಲಿ ಏನು ಬರೆಯಲಿ ಎಂದು ಅವರು ಕೇಳಿದರು. "ತೊಡದೇವು" ಅಂದೆ. ಅವರು ಕಲಬುರಗಿ ಕಡೆಯವರು. ಅದು ಚರ್ಮರೋಗದ ಹೆಸರು ಎಂದುಕೊಂಡು, ಮುಖ ಸಣ್ಣದು ಮಾಡಿ, "ಔಷಧಿ ಏನರ ತಗೊಂಡ್ರಿಲ್ರೀ?" ಅಂದರು.

ಡಬ್ಬಿ ತೆರೆದು ಔಷಧಿ ತೋರಿಸಿದೆ. ಗಾಳಿಯಾಡದ ಡಬ್ಬಿಯಲ್ಲಿ ಇಟ್ಟರೆ ತೊಡದೇವು ತಿಂಗಳುಗಟ್ಟಲೆ ಇರುತ್ತದೆ. ನಮ್ಮ ಶಾಖೆಯಲ್ಲಿ ಮಧ್ಯಾಹ್ನದವರೆಗೂ ಇರಲಿಲ್ಲ.

ಬೆರಳಿನ ಚಿಂತೆ ಬೇಡ ಅಂತ ಮಾಣಿ ಫೋನಿನಲ್ಲಿ ಹೇಳಿದ. ಬೆರಳ ಗೆರೆಯ ನಕಾಶೆ ಇರುವುದು ಒಳಪದರದಲ್ಲಿ. ಮೇಲಿನ ಚರ್ಮ ಸುಟ್ಟರೂ ಹೊಸದು ಅದೇ ಗೆರೆ ಹೊತ್ತು ಬರುತ್ತದೆ. ಅಮೆರಿಕದಲ್ಲಿ ಜಾನ್ ಡಿಲಿಂಜರ್ ಎಂಬ ಬ್ಯಾಂಕ್ ದರೋಡೆಕೋರ 1934ರಲ್ಲಿ ಗುರುತು ಸಿಗದಿರಲಿ ಎಂದು ಬೆರಳಿನ ಗೆರೆಗಳನ್ನು ಆಸಿಡ್‌ನಲ್ಲಿ ಸುಡಿಸಿಕೊಂಡಿದ್ದನಂತೆ. ಆದರೂ ಪೊಲೀಸರು ಗೆರೆ ಹೊಂದಿಸಿಯೇ ಬಿಟ್ಟರು. ಆ ಮನುಷ್ಯ ಬ್ಯಾಂಕಿನಿಂದ ದುಡ್ಡು ಒಯ್ಯಲು ಅಷ್ಟು ಒದ್ದಾಡಿದ. ನಾನು ಬ್ಯಾಂಕಿನ ಒಳಗೆ ಕುಳಿತು ಜನರಿಗೆ ದುಡ್ಡು ಕೊಡಲು ಒದ್ದಾಡುತ್ತಿದ್ದೇನೆ.

ಈಗ ಗೆರೆ ಪೂರ್ತಿ ಬಂದಿದೆ. ಯಂತ್ರ ಮತ್ತೆ ತೋರುಬೆರಳನ್ನು ಒಪ್ಪುತ್ತಿದೆ. ಮಣಿಕಟ್ಟಿನ ಒಳಗಿನ ಗುರುತು ಮಾತ್ರ ಉಳಿದಿದೆ, ಮಡಕೆಯ ಕಂಠದ ಹಾಗೆ ಸಣ್ಣಗೆ ಬಾಗಿಕೊಂಡು. ಗಡಿಯಾರದ ಪಟ್ಟಿಯಡಿ ಮುಚ್ಚಿಹೋಗುತ್ತದೆ.

ಮೊನ್ನೆ ಮ್ಯಾನೇಜರ್ ಬಂದು ಮುಂದಿನ ಹಂಗಾಮಿಗೆ ತಾವೂ ನಮ್ಮೂರಿಗೆ ಬರುತ್ತೇವೆ, ತೊಡದೇವು ಮಡಚುವುದನ್ನು ಕಲಿಯಬೇಕು ಅಂದರು. ಬನ್ನಿ ಸರ್, ಅದಕ್ಕೇನಂತೆ ಅಂದೆ. "ಆದ್ರೆ ನೀವು ಯಾವ ಬೆರಳಲ್ಲಿ ಲಾಗಿನ್ ಆಗೋದು ಅಂತ ಮೊದ್ಲು ಹೇಳಿ."